ಬೋಣಿ ವಾಪಸ್

ಕೊಟ್ಟಾಗಿತ್ತು. ಕೈ ತನ್ನ ಪಾಡಿಗೆ ತಾನು ಮೇಲೆ ಹೋಗಿ, ಅಂಗಡಿಯ ಮುಂದೆ ತೋರಣದ ಹಾಗೆ ಇಳಿಬಿಟ್ಟಿದ್ದ ಸರದಿಂದ ಒಂದು ಜೋಡಿ ಪೊಟ್ಟಣವನ್ನು ಹರಿದು, ಪೆಪ್ಪರ್‌ಮಿಂಟಿನ ಡಬ್ಬಿಗಳ ಮೇಲಿಂದ ಆಚೆಗೆ ಚಾಚಿಯಾಗಿತ್ತು. ಒಂದರಲ್ಲಿ ಅಡಿಕೆ ಪುಡಿ, ಇನ್ನೊಂದರಲ್ಲಿ ತಂಬಾಕು. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ನಿಷೇಧವಾದ ಗುಟ್ಕಾ, ಬೇರೆ ಬೇರೆ ತೂಗುಬಿಟ್ಟರೆ ಯಾರೂ ಕೇಳುವುದಿಲ್ಲ. ಎದುರಿಗೆ ನಿಂತ ಮುಖವನ್ನು ನೀಲಾಂಬಿಕ ನೋಡಿದ್ದು ಆಮೇಲೆ. ಎದುರಿನ ಹೈಸ್ಕೂಲಿನ ಯೂನಿಫಾರ್ಮು, ಮಡಿಚಿ ಕಟ್ಟಿದ ಎರಡು ಜಡೆ, ಹಣೆಯ ಮೇಲೆ ತೆಳುವಾಗಿ ಎಳೆದ ವಿಭೂತಿ. “ನಮ್ಮಜ್ಜಿಗೆ ಆಂಟಿ,” ಎಂದಳು ಹುಡುಗಿ, ಯಾರೂ ಕೇಳದೆಯೇ. ಪೊಟ್ಟಣವನ್ನು ಸತ್ತ ಜಿರಲೆಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಹಿಡಿದು, ಬ್ಯಾಗಿನಿಂದ ಜಾಮಿಟ್ರಿ ಬಾಕ್ಸು ತೆಗೆದು, ಅದರೊಳಗೆ ಇಟ್ಟು ಮುಚ್ಚಳ ಒತ್ತಿದಳು. ಅಜ್ಜಿಗೆ ಕೊಂಡದ್ದನ್ನು ಯಾರಾದರೂ ಕೈವಾರದ ಪಕ್ಕದಲ್ಲಿ ಇಡುತ್ತಾರೆಯೇ ಎಂದು ನೀಲಾಂಬಿಕ ಯೋಚಿಸುವುದರೊಳಗೆ ಹುಡುಗಿ ರಸ್ತೆ ದಾಟಿಯಾಗಿತ್ತು. ಯೋಚನೆಗಿಂತ ಮೊದಲು ಕೈ ಇನ್ನೂ ಒಂದು ಕೆಲಸ ಮಾಡಿ ಮುಗಿಸಿತ್ತು. ಹುಡುಗಿ ಕೊಟ್ಟ ನಾಣ್ಯವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಗಲ್ಲಾಕ್ಕೆ ಹಾಕಿತ್ತು. ಬೋಣಿಯ ದುಡ್ಡು.

ದಿನದ ಮೊದಲ ವ್ಯಾಪಾರವನ್ನು ವಾಪಸ್ ಕಳಿಸಬಾರದೆಂಬುದು ಆ ಅಂಗಡಿಯಲ್ಲಿ ತೂಕದ ಕಲ್ಲಿಗಿಂತ ಹಳೆಯದು. ಮಾವ ಹುಚ್ಚರಾಯಪ್ಪನವರು ಈಗ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತಿದ್ದರೂ ಅವರ ದನಿ ಇನ್ನೂ ಗಲ್ಲಾದ ಹತ್ತಿರವೇ ಸುಳಿದಾಡುತ್ತದೆ. “ಬೋಣಿ ಗಿರಾಕಿ ಅಂದ್ರೆ ಲಕ್ಷ್ಮಿ ಕಣಮ್ಮ. ಬರಿಗೈಲಿ ಕಳಿಸಿದ್ರೆ ದಿನವೆಲ್ಲ ನೊಣ ಹೊಡೀತಾ ಕೂತಿರಬೇಕಾಗ್ತದೆ.” ಒಮ್ಮೆ ಬೆಳಿಗ್ಗೆ ಬೆಳಿಗ್ಗೆಯೇ ಪರವೂರಿನವನೊಬ್ಬ ಬಂದು ಹಾಲು ಕೇಳಿದಾಗ, ಹಾಲೇ ಮಾರದ ಅಂಗಡಿಯ ಮಾವ ಒಳಗೆ ಹೋಗಿ ಅತ್ತೆ ಕಾಯಿಸಲು ಇಟ್ಟಿದ್ದ ಪಾತ್ರೆಯನ್ನೇ ಇಳಿಸಿ ತಂದು ಕೊಟ್ಟಿದ್ದರು. ಅವತ್ತು ಮನೆಯವರೆಲ್ಲ ಕರಿ ಚಹಾ ಕುಡಿದರು. ಆಗಿನ್ನೂ ಹೊಸ ಸೊಸೆಯಾಗಿದ್ದ ನೀಲಾಂಬಿಕ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದಳು. ಇವತ್ತು ನಗು ಬರಲಿಲ್ಲ. ಕಣ್ಣಿಗೆ ಒತ್ತಿಕೊಂಡ ಜಾಗದಲ್ಲಿ ಏನೋ ಅಂಟಿದಂತಾಗಿ ಸೆರಗಿನ ತುದಿಯಿಂದ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಇವತ್ತೇ ಆಗಬೇಕಿತ್ತೇ ಇದು? ಮಧ್ಯಾಹ್ನ ಪುರಸಭೆಯಲ್ಲಿ ಮೀಟಿಂಗು, ಆ ಮೀಟಿಂಗಿನ ಮುಂದೆ ಇದೇ ವಿಷಯ, ಅಲ್ಲಿ ಕೂತು ಕೈ ಎತ್ತಬೇಕಾದವರಲ್ಲಿ ತಾನೂ ಒಬ್ಬಳು. ವಾರ್ಡು ಮಹಿಳಾ ಮೀಸಲಾಗಿ ಬಂದಿದ್ದರಿಂದ ಮೆಂಬರಾದವಳು. ಚುನಾವಣೆಯ ಬ್ಯಾನರಿನಲ್ಲಿ ಅವಳ ಫೋಟೋಕ್ಕಿಂತ ಕೈಮುಗಿದು ನಿಂತ ಗಂಡನ ಫೋಟೋ ದೊಡ್ಡದಿತ್ತು. ಫೋನೂ ಅವನ ಹತ್ತಿರವೇ ಇರುತ್ತದೆ. “ಮೆಂಬರ್ ಮಾತಾಡ್ತಿದೀನಿ, ಹೇಳ್ರಿ,” ಎನ್ನುತ್ತಾನೆ ಚಂದ್ರಶೇಖರ್, ಒಂದಿಷ್ಟೂ ಅಳುಕಿಲ್ಲದೆ.

ಅವನು ಪೂಜೆ ಮುಗಿಸಿ ಬಂದ. ಕಲಸಿದ ಅವಲಕ್ಕಿಯನ್ನು ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನುತ್ತ, “ಇವತ್ತು ಆ ತಂಬಾಕಿನ ಠರಾವು ಬರ್ತದೆ. ಕೈ ಎತ್ತಬ್ಯಾಡ. ಯತೀಶ ಫೋನ್ ಮಾಡಿದ್ದ,” ಎಂದ. ಯತೀಶನೂ ಮೆಂಬರೇ, ಮೇಲಾಗಿ ಊರಿಗೆಲ್ಲ ಈ ಪೊಟ್ಟಣಗಳನ್ನು ಹಂಚುವ ಏಜೆನ್ಸಿಯವನು. ಠರಾವಿನಲ್ಲಿ ಇದ್ದುದೇನು ಮಹಾ? ತಂಬಾಕು ಮಾರುವವರು ಪುರಸಭೆಯಿಂದ ಬೇರೆ ಲೈಸೆನ್ಸು ಪಡೆಯಬೇಕು. ಹಾಗೆ ಪಡೆದ ಅಂಗಡಿಯಲ್ಲಿ ಚಾಕಲೇಟು, ಬಿಸ್ಕತ್ತು ಇಡುವಂತಿಲ್ಲ. ಶಾಲೆಯ ಹತ್ತಿರದವರಿಗೆ ಲೈಸೆನ್ಸೇ ಇಲ್ಲ. ಮಕ್ಕಳಿಗೆ ಮಾರಿದರೆ ಅಂಗಡಿಗೆ ಬೀಗ. “ನಮ್ಮ ಅಂಗ್ಡಿ ಮುಂದೆನೇ ಹೈಸ್ಕೂಲ್ ಗೇಟು. ಪಾಸಾದ್ರೆ ಮೊದಲು ಹೋಗೋದು ನಮ್ಮ ಸರ. ತಿಳೀತಾ?” ನೀಲಾಂಬಿಕ ತಲೆಯಾಡಿಸಿದಳು. ಅವಳಿಗೆ ಬೆಳಗಿನಿಂದ ತಿಳಿಯುತ್ತಿದ್ದುದೇ ಬೇರೆ. ಹುಡುಗಿಯ ಮುಖ ಎಷ್ಟು ನೆನೆಸಿಕೊಂಡರೂ ಪೂರ್ತಿ ಬರುತ್ತಿರಲಿಲ್ಲ, ಜಡೆ ಬರುತ್ತಿತ್ತು, ವಿಭೂತಿ ಬರುತ್ತಿತ್ತು, ಬಾಯಿಯ ಜಾಗದಲ್ಲಿ ಬರೀ ಮಸುಕು. ಈಗ ಯಾವ ಗೋಡೆಯ ಹಿಂದೆ ನಿಂತು ಪೊಟ್ಟಣ ಹರಿಯುತ್ತಿದ್ದಾಳೋ.

ಹೋದ ವಾರ ಹೆಡ್‌ಮಿಸ್ಟ್ರೆಸ್ ವಾಗ್ದೇವಿ ಮೇಡಂ ಅಂಗಡಿಗೆ ಬಂದಾಗ ನಿಂತದ್ದೂ ಇದೇ ಜಾಗದಲ್ಲಿ, ಸರದ ಕೆಳಗೆ, ಪೊಟ್ಟಣಗಳು ತಲೆಗೆ ತಾಗದಂತೆ ಕತ್ತು ವಾಲಿಸಿ. ಅವರೂ ಸೊರಬದ ಕಡೆಯವರು. ನೀಲಾಂಬಿಕಳ ತವರೂರೂ ಅದೇ ಕಡೆಯ ಚಂದ್ರಗುತ್ತಿಯ ಪಕ್ಕ ಎಂದು ತಿಳಿದಾಗಿನಿಂದ ಮೇಡಮ್ಮಿಗೆ ಅವಳ ಮೇಲೆ ಒಂದು ಸಲಿಗೆ. “ಮೆಂಬರ್ ಮೇಡಂ, ಹಲ್ಲಿನ ಡಾಕ್ಟ್ರನ್ನ ಕರೆಸಿದ್ವಿ ಸ್ಕೂಲಿಗೆ. ಮೂರು ಬೆರಳು ಹೀಗೆ ನೆಟ್ಟಗೆ ಜೋಡಿಸಿ ಬಾಯೊಳಗೆ ಇಡಿ ಅಂದ್ರು. ನಮ್ಮ ಒಂಬತ್ತನೇ ಕ್ಲಾಸಿನ ಕೆಲವು ಹುಡುಗ್ರಿಗೆ ಎರಡರ ಮೇಲೆ ಹೋಗ್ಲೇ ಇಲ್ಲ. ಬಾಯಿ ತೆರೆಯೋದೇ ಇಲ್ಲ ಮಾರಾಯ್ತಿ, ಒಳಗೆ ಚರ್ಮ ಬಿಗಿದು ಹೋಗಿದೆ. ಆ ವಯಸ್ಸಿಗೆ!” ಹಾಗೆಂದು ತಮ್ಮದೇ ಮೂರು ಬೆರಳು ಎತ್ತಿ ತೋರಿಸಿದ್ದರು. ಅವರು ಹೋದ ಮೇಲೆ ನೀಲಾಂಬಿಕ ಯಾರೂ ನೋಡದ ಹೊತ್ತಿನಲ್ಲಿ ತನ್ನ ಮೂರು ಬೆರಳನ್ನೂ ಬಾಯಲ್ಲಿ ಇಟ್ಟು ನೋಡಿಕೊಂಡಳು. ಹೋದವು. ಸಂಜೆ ಮೆಣಸಿನಕಾಯಿ ಬಜ್ಜಿ ಕರಿದು ಗಂಡನ ಮುಂದೆ ಇಟ್ಟಾಗ, ಅವನು ಒಂದನ್ನು ಎತ್ತಿಕೊಂಡು, ಮುರಿದು, ಮತ್ತೆ ಮುರಿದು, ಚೂರುಗಳನ್ನು ಒಂದೊಂದಾಗಿ ತುಟಿಯ ಸಂದಿಯಿಂದ ಒಳಗೆ ದೂಡಿದ. ಹಿಂದೆ ಇಡೀ ಬಜ್ಜಿಯನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡು, ಬಿಸಿಗೆ ಹಾ ಹಾ ಎನ್ನುತ್ತಿದ್ದವನು. ಇವನು ಹೀಗೆ ಮುರಿದು ತಿನ್ನಲು ಶುರುಮಾಡಿದ್ದು ಯಾವಾಗ? ತಾನು ಅವನಿಗೆಂದು ರೊಟ್ಟಿಯನ್ನು ತೆಳ್ಳಗೆ, ಇನ್ನೂ ತೆಳ್ಳಗೆ ತಟ್ಟತೊಡಗಿದ್ದು ಯಾವಾಗ? ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಹದಿನಾರು ವರ್ಷದಿಂದ ನುಂಗಿ ನುಂಗಿ ಅದೊಂದು ರೂಢಿಯೇ ಆಗಿತ್ತು.

ಪುರಸಭೆಗೆ ನಡೆದೇ ಹೊರಟಳು. ಬೈಕಿನಲ್ಲಿ ಬಿಡುತ್ತೇನೆ ಎಂದ ಗಂಡನಿಗೆ ಗಿರಾಕಿ ಇದ್ದಾರಲ್ಲ, ನೋಡಿಕೊಳ್ಳಿ ಎಂದಳು. ಬಿಸಿಲು ಏರಿತ್ತು. ಊರದೇವರು ಹುಚ್ಚರಾಯನ ಕೆರೆಯ ಕಡೆಯಿಂದ ಬಂದ ಗಾಳಿ ರಸ್ತೆ ಬದಿಯ ಖಾಲಿ ಪೊಟ್ಟಣಗಳನ್ನು ಚರಂಡಿಗೆ ಗುಡಿಸುತ್ತಿತ್ತು, ಹೊಳೆಯುವ ಹಸಿರು, ಹೊಳೆಯುವ ಕೆಂಪು. ಚಿಕ್ಕವಳಿದ್ದಾಗ ತಾನೂ ಅಜ್ಜಿಗೆ ತಂದುಕೊಡುತ್ತಿದ್ದಳಲ್ಲ! ಅದಕ್ಕೇ ಆ ಹುಡುಗಿಯ ಮಾತು ಅಷ್ಟು ಬೇಗ ಒಳಗಿಳಿದದ್ದು. ಚಂದ್ರಗುತ್ತಿಯ ರಸ್ತೆಯ ತಿರುವಿನಲ್ಲಿದ್ದ ಅಂಗಡಿಯಿಂದ ಬಾಳೆಲೆ ಚೂರಿನಲ್ಲಿ ಸುತ್ತಿದ ಹೊಗೆಸೊಪ್ಪು, ದಾರಿಯಲ್ಲಿ ಒಂದು ಎಸಳು ಕಿತ್ತು ನಾಲಗೆಗೆ ಇಟ್ಟುಕೊಂಡ ದಿನ ಗುಡ್ಡವೆಲ್ಲ ಗಿರ್ರೆಂದು ತಿರುಗಿ ಬೇಲಿ ಹಿಡಿದು ವಾಂತಿ ಮಾಡಿದ್ದಳು. ಅಜ್ಜಿ ಬೈಯಲಿಲ್ಲ, ನಕ್ಕಿತು. “ರೂಢಿ ಆಗ್ತದೆ ಬಿಡೇ ಕೂಸೇ.” ಅಜ್ಜಿಗೆ ಕೊನೆಗಾಲದಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಆದರೆ ಅದನ್ನು ಯಾರೂ ಹೊಗೆಸೊಪ್ಪಿನ ತಲೆಗೆ ಕಟ್ಟಲಿಲ್ಲ, ವಯಸ್ಸಿನ ತಲೆಗೆ ಕಟ್ಟಿದರು. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಹೊಸದರಲ್ಲಿ ಅಂಗಡಿಗೆ ಬಂದವರನ್ನು ತವರಿನ ಮಾತಿನಲ್ಲಿ “ಎಂತ ಬೇಕು?” ಎಂದು ಕೇಳಿ ನಗೆಪಾಟಲಾಗಿದ್ದಳು. ಚಂದ್ರಶೇಖರನ ಗೆಳೆಯರು ಬೇಕೆಂದೇ ಬಂದು ನಿಂತು, “ಎಂತ ಐತಿ ನಿಮ್ಮಂಗ್ಡೀಲಿ?” ಎಂದು ಆಡಿಸುತ್ತಿದ್ದರು. ಆಗಿನಿಂದ ಮಾತನ್ನು ಅಳೆದು ಸುರಿದು ಆಡುವುದು ಕಲಿತಳು. ಪುರಸಭೆಗೆ ಬಂದ ಮೇಲಂತೂ ಅಳೆಯುವುದಷ್ಟೇ, ಸುರಿಯುವುದಿಲ್ಲ. ರುಜು ಹಾಕುತ್ತಾಳೆ, ಚಹಾ ಕುಡಿಯುತ್ತಾಳೆ, ಯಾರ ಕೈ ಎದ್ದಿತೆಂದು ನೋಡಿಕೊಂಡು ತನ್ನದನ್ನೂ ಎತ್ತುತ್ತಾಳೆ.

ಸಭೆಯ ಹಾಲಿನ ಹಿಂದಿನ ಬೆಂಚಿನಲ್ಲಿ ವಾಗ್ದೇವಿ ಮೇಡಂ ನಾಲ್ಕಾರು ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಕೂರಿಸಿಕೊಂಡಿದ್ದರು. ನೀಲಾಂಬಿಕಳ ಕಣ್ಣು ಮೊದಲು ಬಿದ್ದದ್ದು ಜಡೆಯ ಮೇಲೆ. ಆಮೇಲೆ ವಿಭೂತಿ. ಆಮೇಲೆ, ಬೆಳಗಿನಿಂದ ಸಿಗದೆ ಕಾಡಿದ್ದ ಮುಖ. ಅದೇ ಹುಡುಗಿ, ತೊಡೆಯ ಮೇಲೆ ಜಾಮಿಟ್ರಿ ಬಾಕ್ಸು. ನೀಲಾಂಬಿಕ ಕುರ್ಚಿಯಲ್ಲಿ ಕೂತಳೋ ಬಿದ್ದಳೋ ಅವಳಿಗೇ ತಿಳಿಯಲಿಲ್ಲ. ಹಾಗಾದರೆ ತಿಂದಿಲ್ಲ ಎಂಬ ಸಮಾಧಾನ ಒಂದು ಗಳಿಗೆ ಎದೆಯನ್ನು ತಣ್ಣಗೆ ಮಾಡಿತು, ಮರುಗಳಿಗೆಯೇ ಬೆವರು ಕಿತ್ತುಕೊಂಡಿತು. ಇಲ್ಲಿಗೇಕೆ ತಂದಿದ್ದಾಳೆ?

ಅಧ್ಯಕ್ಷರ ಕುರ್ಚಿಯಲ್ಲಿ ಮಹೇಶ್ವರಪ್ಪ, ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರು, ಯಾವ ವಿಷಯಕ್ಕೂ ಮೊದಲು ಕೆಮ್ಮುವವರು. ಕೆಮ್ಮಿ, ಠರಾವನ್ನು ಓದಿಸಿದರು. ಯತೀಶ ಓದು ಮುಗಿಯುವವರೆಗೂ ಕಾಯಲಿಲ್ಲ. “ಅಧ್ಯಕ್ಷರೇ, ಇದು ವ್ಯಾಪಾರಸ್ಥರಿಗೆ ಮಾಡೋ ಅವಮಾನ. ನಮ್ಮೂರಲ್ಲಿ ಯಾವ ಅಂಗಡಿಯವ್ರೂ ಮಕ್ಳ ಕೈಗೆ ಇದನ್ನ ಕೊಡಲ್ಲ. ಕೊಡದೇ ಇರೋದಕ್ಕೆ ಕಾನೂನು ಎದಕ್ಕೆ? ಇಲ್ಲೇ ಕೂತಾರಲ್ಲ ನೀಲಾಂಬಿಕಮ್ಮ, ಹೈಸ್ಕೂಲ್ ಗೇಟಿಗೇ ಅಂಗಡಿ ಅವ್ರದು. ಕೇಳ್ರಿ, ಒಂದಿನ ಆದ್ರೂ ಕೊಟ್ಟಾರಾ ಅಂತ.” ಆಮೇಲೆ ನಗುತ್ತ, “ಅಕ್ಕಾರು ಹೇಳಲ್ಲ ಬಿಡ್ರಿ. ಚಂದ್ರಣ್ಣಗೆ ಫೋನ್ ಹಚ್ಚಿದ್ರೆ ಹೇಳ್ತಾನೆ,” ಎಂದ. ಸಭೆ ಗೊಳ್ಳೆಂದಿತು. ಮೇಜಿನ ಕೆಳಗೆ ನೀಲಾಂಬಿಕ ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆದಳು. ಅಡಿಕೆ ತೋಟದ ಕೆಂಪಪ್ಪ, ಮೆಂಬರುಗಳಲ್ಲೆಲ್ಲ ಹಿರಿಯರು, “ಇವತ್ತು ತಂಬಾಕು ಅಂತೀರಿ, ನಾಳೆ ಅಡಿಕೆಗೆ ಬರ್ತೀರಿ. ಬೆಳೆದೋರು ಏನ್ ಮಾಡ್ಬೇಕು?” ಎಂದು ಮೇಜು ಕುಟ್ಟಿದರು. ಹಲವರು ಹೌದೌದೆಂದರು.

ವಾಗ್ದೇವಿ ಮೇಡಂ ಎದ್ದು, ಎರಡು ಮಾತಿಗೆ ಅನುಮತಿ ಕೇಳಿ, ಮಕ್ಕಳತ್ತ ಕೈ ಮಾಡಿದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಅಧ್ಯಕ್ಷರ ಮುಂದೆ ಪೊಟ್ಟಣಗಳನ್ನು ಇಟ್ಟರು. ಜಡೆಯ ಹುಡುಗಿ ಜಾಮಿಟ್ರಿ ಬಾಕ್ಸು ತೆರೆದಾಗ ಕೈವಾರ ಟಣ್ಣೆಂದು ನೆಲಕ್ಕೆ ಬಿತ್ತು. “ಇದೆಲ್ಲ ಇವತ್ತು ಬೆಳಿಗ್ಗೆ ಒಂದೇ ರಸ್ತೆಯಲ್ಲಿ ಕೊಂಡಿದ್ದು ಸರ್. ಹಿಂದೆ ಇವ್ರ ತಂದೆತಾಯಿ ನಿಂತಿದ್ರು. ಒಂದೇ ಒಂದು ಅಂಗಡಿಯವ್ರು ಇಲ್ಲ ಅನ್ಲಿಲ್ಲ. ಯಾವ ಅಂಗಡಿ ಅಂತ ನಾನು ಹೇಳಲ್ಲ. ಯಾರ ಮರ್ಯಾದೆ ತೆಗೆಯೋಕೂ ಬಂದಿಲ್ಲ.”

“ಮಕ್ಳನ್ನ ಬಿಟ್ಟು ಗುಟ್ಕಾ ತರಿಸ್ತೀರಲ್ಲ, ನಾಚಿಕೆ ಆಗಲ್ವೇನ್ರೀ ಮೇಡಂ?” ಯತೀಶ ಎದ್ದು ನಿಂತಿದ್ದ.

“ತರಿಸಿದ್ದಕ್ಕೆ ನಾಚಿಕೆ ಆದ್ರೆ, ಕೊಟ್ಟಿದ್ದಕ್ಕೆ ಏನಾಗಬೇಕು ಸರ್?”

“ಕೊಟ್ಟೋರು ಯಾರ್ರೀ? ನೀವೇ ತಂದು ಇಟ್ಟು ನಾಟಕ ಆಡ್ತೀರಿ! ಸಾಕ್ಷಿ ಎಲ್ಲೈತೆ? ನಾನು ಕೊಟ್ಟೆ ಅಂತ ಒಬ್ಬನಾದ್ರೂ ಹೇಳ್ಲಿ, ನಾನೇ ಮೊದಲು ಕೈ ಎತ್ತತೀನಿ!”

ಸಭೆಯ ಗಾಳಿ ತನ್ನ ಕಡೆಗೆ ತಿರುಗಿದ್ದು ಯತೀಶನಿಗೆ ತಿಳಿದಿತ್ತು. ಅಧ್ಯಕ್ಷರು ಕೆಮ್ಮಲು ಶುರುಮಾಡಿದರು, ಆ ಕೆಮ್ಮಿನ ಅರ್ಥ ಎಲ್ಲರಿಗೂ ಗೊತ್ತು, ಮುಂದಿನ ಸಭೆಗೆ ಇಡೋಣ, ಅಂದರೆ ಎಂದೂ ಬೇಡ. ಹುಡುಗಿ ಕೈವಾರ ಎತ್ತಿಕೊಳ್ಳಲು ಬಗ್ಗಿದವಳು ಏಳುವಾಗ ನೀಲಾಂಬಿಕಳ ಮುಖ ನೋಡಿದಳು. ದೂರುವ ನೋಟವಲ್ಲ. ದೂರಿದ್ದರೆ ತಡೆದುಕೊಳ್ಳಬಹುದಿತ್ತು. ಪಾಪ, ಆಂಟಿ ಸಿಕ್ಕಿಬೀಳದಿರಲಿ ಎಂಬಂತೆ ಹುಡುಗಿಯೇ ಗಾಬರಿಯಿಂದ ಕಣ್ಣು ತಗ್ಗಿಸಿದಳು. ಹೈಸ್ಕೂಲಿನ ಮಗು ತನ್ನ ಮಾನ ಕಾಯುತ್ತಿದೆ! ನೀಲಾಂಬಿಕಳಿಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಸಿಟ್ಟೆಂದು ಹುಡುಕುವಷ್ಟರಲ್ಲಿ ಅವಳು ನಿಂತಾಗಿತ್ತು. ಬೆಳಿಗ್ಗೆ ಕೈ ಮೇಲೆ ಹೋದಂತೆಯೇ ಈಗ ಇಡೀ ಮೈ ತನ್ನ ಪಾಡಿಗೆ ತಾನು ಎದ್ದು ನಿಂತಿತ್ತು.

“ಅದು ನಮ್ಮಂಗ್ಡೀದು.”

ದನಿ ಹೊರಬಂದದ್ದು ಅವಳಿಗೇ ಹೊಸದಾಗಿ ಕೇಳಿಸಿತು. “ಏನಂದ್ರಿ?” ಎಂದರು ಮಹೇಶ್ವರಪ್ಪ, ಕೆಮ್ಮು ಅರ್ಧಕ್ಕೇ ನಿಂತು.

“ಆ ಹುಡುಗಿ ಇಟ್ಟ ಪೊಟ್ಟಣ ನಮ್ಮಂಗ್ಡೀದು ಅಧ್ಯಕ್ಷರೇ. ನಾನೇ ಕೊಟ್ಟೆ. ನನ್ನ ಕೈಯಾರೆ.”

“ಅಕ್ಕಾ, ಕೂತ್ಕಳ್ರಿ, ನಿಮ್ಗೆ ತಿಳಿಯಲ್ಲ,” ಎಂದ ಯತೀಶ.

“ತಿಳೀತದೆ ಯತೀಶಣ್ಣ. ಬೆಳಿಗ್ಗೆಯಿಂದ ಅದೇ ತಿಳೀತಾ ಐತೆ.” ಇನ್ನು ಮಾತು ಅಳೆಯಲು ಪುರುಸೊತ್ತಿರಲಿಲ್ಲ. “ಎಂತಕ್ಕೆ ಕೊಟ್ಟೆ ಅಂತ ಕೇಳಿ. ಬೋಣಿ ಅಂತ ಕೊಟ್ಟೆ. ಬೋಣಿ ವಾಪಸ್ ಕಳಿಸಬಾರ್ದಲ್ಲ, ಅದಕ್ಕೆ. ಬಂದಿದ್ದು ಯಾರು, ಕೇಳಿದ್ದು ಎಂತ, ಎರಡೂ ನೋಡ್ಲಿಲ್ಲ. ಕೊಟ್ಟು, ಆ ದುಡ್ಡನ್ನ ಕಣ್ಣಿಗೆ ಬೇರೆ ಒತ್ಕೊಂಡೆ. ಇಲ್ಲಿರೋರಲ್ಲಿ ಅರ್ಧ ಜನ ವ್ಯಾಪಾರಸ್ಥರೇ ಇದ್ದೀರಿ. ನೀವು ಒತ್ಕೊಳ್ಳಲ್ವಾ?”

ಯಾರೂ ನಗಲಿಲ್ಲ. ಬೋಣಿ ಎಂಬ ಮಾತಿಗೆ ಆ ಸಭೆಯಲ್ಲಿ ಅರ್ಥ ಹೇಳಬೇಕಾದವರು ಒಬ್ಬರೂ ಇರಲಿಲ್ಲ. ಮಹೇಶ್ವರಪ್ಪ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು.

“ನಾನೇನು ಕೆಟ್ಟವಳಲ್ಲ. ಯಾರ ಮನೆ ಮಕ್ಳೂ ಹಾಳಾಗ್ಲಿ ಅಂತ ಕೊಟ್ಟಿದ್ದಲ್ಲ. ಆದ್ರೆ ಕಾನೂನು ಇಲ್ದಿದ್ರೆ ನಾಳೆನೂ ಕೊಡ್ತೀನಿ. ಗಿರಾಕಿ ಹೋಗ್ತಾರೆ ಅಂತ ಕೊಡ್ತೀನಿ, ಪಕ್ಕದಂಗ್ಡಿಯವ್ರು ಕೊಡ್ತಾರಲ್ಲ ಅಂತ ಕೊಡ್ತೀನಿ. ಒಳ್ಳೇತನ ಒಂದೇ ಸಾಲಲ್ಲ ಅಧ್ಯಕ್ಷರೇ. ನನ್ನ ಕೈ ಹಿಡಿಯೋಕೆ ಒಂದು ಕಾನೂನು ಬೇಕು. ಪಾಸ್ ಮಾಡಿ. ಮೊದ್ಲು ನಮ್ಮಂಗ್ಡೀದೇ ತೆಗೆಸಿ.” ಹೇಳಿ, ಕೂರುವುದನ್ನು ಮರೆತು, ಬಲಗೈಯನ್ನು ಎತ್ತಿ ನಿಂತಳು. ಇನ್ನೂ ಯಾರೂ ಮತಕ್ಕೆ ಹಾಕಿರಲಿಲ್ಲ. ಎತ್ತಿದ್ದು ಅದೊಂದೇ ಕೈ. ಇಳಿಸಿದರೆ ಇನ್ನೆಂದೂ ಏಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಎಷ್ಟು ಹೊತ್ತು ಹಾಗೆ ನಿಂತಳೋ. ಕುರ್ಚಿಯೊಂದು ಕಿರ್ರೆಂದಿತು. ಕೆಂಪಪ್ಪ ಎದ್ದು, ಎಲೆ ಅಡಿಕೆಯ ಬಾಯನ್ನು ಒರೆಸಿಕೊಂಡು, “ಅಡಿಕೆ ನಮ್ಮದು. ತಂಬಾಕು ನಮ್ಮದಲ್ಲ. ಎರಡನ್ನೂ ಒಂದೇ ಸರಕ್ಕೆ ಗಂಟು ಹಾಕಿದೋರು ಬ್ಯಾರೆ ಅದಾರೆ. ಈ ಹೆಣ್ಮಗಳು ಹೇಳಿದ್ಮೇಲೆ ಇನ್ನೇನ್ ಮಾತು?” ಎಂದು ಕೈ ಎತ್ತಿದರು. ಆಮೇಲೆ ಬಾಗಿಲ ಬಳಿಯ ಕೈ. ಆಮೇಲೆ ಕಿಟಕಿಯ ಬಳಿ ಕೂತಿದ್ದ ಮಹಿಳಾ ಮೆಂಬರುಗಳದು, ಒಬ್ಬರನ್ನೊಬ್ಬರು ನೋಡಿಕೊಳ್ಳದೆ, ಒಟ್ಟಿಗೇ. ಮಹೇಶ್ವರಪ್ಪ ಕೆಮ್ಮದೆಯೇ ಎಣಿಸಿದರು. ಎಣಿಸಿ ಮುಗಿಸಿ ಯತೀಶನ ಕಡೆ ತಿರುಗಿ, “ಒಬ್ರಾದ್ರೂ ಹೇಳಿದ್ರೆ ಮೊದಲು ಕೈ ಎತ್ತತೀನಿ ಅಂದಿದ್ಯಲ್ಲಪ್ಪ. ಮೊದಲಂತೂ ಆಗ್ಲಿಲ್ಲ, ಕೊನೆಗಾದ್ರೂ ಎತ್ತು,” ಎಂದರು. ಆಗ ಬಿತ್ತು ನೋಡಿ ನಗು! ಈ ಸಲದ ನಗು ನೀಲಾಂಬಿಕಳ ಮೇಲಿನದಾಗಿರಲಿಲ್ಲ. ಯತೀಶ ಫೋನು ಕಿವಿಗೆ ಇಟ್ಟುಕೊಂಡು ಹೊರನಡೆದ. ಠರಾವು ಪಾಸಾಯಿತು. ಜಡೆಯ ಹುಡುಗಿ ಚಪ್ಪಾಳೆ ತಟ್ಟಿ, ಸಭೆಯಲ್ಲಿ ತಟ್ಟಬಾರದೇನೋ ಎಂದು ಹೆದರಿ ನಿಲ್ಲಿಸಿದಳು. ಕೆಂಪಪ್ಪನೇ ಮುಂದುವರಿಸಿದರು.

ಮೆಟ್ಟಿಲಿಳಿಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಇಳಿಸಿಕೊಂಡಂತಿತ್ತು. ಗೆದ್ದೆ ಎಂದು ಗಟ್ಟಿಯಾಗಿ ಹೇಳಬೇಕೆನಿಸಿತು. ಹುಡುಗಿ ಓಡಿಬಂದು, “ಸಾರಿ ಆಂಟಿ, ನಮ್ಮಜ್ಜಿ ಎಲೆ ಅಡಿಕೆನೂ ಹಾಕಲ್ಲ, ಸುಳ್ಳು ಹೇಳ್ದೆ,” ಎಂದಳು. ಹೆಸರು ಕೇಳಿದಾಗ ದೀಪಶ್ರೀ ಎಂದಳು, ಊರು ಉಡುತಡಿಯಂತೆ. ನೀಲಾಂಬಿಕ ಅವಳ ಗಲ್ಲ ಹಿಡಿದು, “ನಗು ನೋಡಣ,” ಎಂದಳು. ಹುಡುಗಿ ಬಾಯಿ ತುಂಬ ನಕ್ಕಳು. ಮೂರಲ್ಲ, ನಾಲ್ಕು ಬೆರಳು ಹಿಡಿಸುವಷ್ಟು ದೊಡ್ಡ ನಗು. ಅದನ್ನು ನೋಡಿ ನೀಲಾಂಬಿಕಳಿಗೆ ಅಳು ಬಂತು, ಯಾಕೆ ಎಂದು ಹುಡುಗಿಗೆ ಹೇಳಲಾಗಲಿಲ್ಲ.

ಸಂಜೆ ಮನೆ ಮುಟ್ಟಿದಳು. ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು. “ಅಪ್ಪನ ಕಾಲದ ಅಂಗ್ಡಿ ಮರ್ಯಾದೆನ ಊರ ಮುಂದೆ ಹರಾಜು ಹಾಕಿ ಬಂದ್ಯಲ್ಲ,” ಎಂದಷ್ಟೇ ಹೇಳಿ ಚಂದ್ರಶೇಖರ್ ತಟ್ಟೆಯ ಮುಂದೆ ಕೂತ. ಅವಳು ಯಾವಾಗಿನಂತೆ ತೆಳ್ಳಗೆ ರೊಟ್ಟಿ ತಟ್ಟಿದಳು. ಆದರೆ ಮಾತನ್ನು ನುಂಗಲಿಲ್ಲ. “ಹೌದು, ಹಾಕಿದೆ,” ಎಂದಳು. ಅವನು ತಲೆ ಎತ್ತಿ ನೋಡಿದ, ಯಾರೋ ಬೇರೆ ಹೆಂಗಸು ಒಲೆಯ ಮುಂದೆ ಕೂತಿರುವಂತೆ.

ಮರುದಿನ ಬೆಳಿಗ್ಗೆ ಅಂಗಡಿಯ ಶಟರನ್ನು ಅವನೇ ಎತ್ತಿದ. ಪುರಸಭೆಯ ಆರ್ಡರು ಕೈಗೆ ಬರುವವರೆಗೂ ಇರಲಿ ಎಂದು ಸರಗಳನ್ನು ತೆಗೆದಿರಲಿಲ್ಲ. ನೀಲಾಂಬಿಕ ಬಾಗಿಲಿಗೆ ನೀರು ಹಾಕಿ, ಊದಿನಕಡ್ಡಿ ಹಚ್ಚಲು ಬೆಂಕಿಪೊಟ್ಟಣ ಹುಡುಕುತ್ತಿದ್ದಳು. ರಸ್ತೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಆಗ ಗಂಡನ ಕೈ ಸರದ ಕಡೆಗೆ ಮೇಲೆ ಹೋಯಿತು, ತನ್ನ ಪಾಡಿಗೆ ತಾನು, ಕಣ್ಣು ಎಲ್ಲೋ ಇಟ್ಟುಕೊಂಡು, ದಿನವೂ ಹೋಗುವಂತೆ. ಕಡ್ಡಿ ಗೀರಿದ್ದವಳು ಹಾಗೆಯೇ ನಿಂತುಬಿಟ್ಟಳು. ಊದಿನಕಡ್ಡಿಗಿಂತ ಮೊದಲು, ಎಲ್ಲ ಗಿರಾಕಿಗಳಿಗಿಂತ ಮೊದಲು, ಇಷ್ಟು ವರ್ಷ ಈ ಅಂಗಡಿಯ ಬೋಣಿ ಮಾಡುತ್ತಿದ್ದವನು ಇವನೇ. ಇದನ್ನು ತಾನು ದಿನಾ ನೋಡಿದ್ದಳು, ದಿನಾ ನೋಡಿರಲಿಲ್ಲ.

“ಬ್ಯಾಡ ರೀ.”

“ಏನು?”

“ಕೊಡಲ್ಲ.”

ಅವನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. “ನನ್ನಂಗ್ಡೀಲಿ ನಂಗೇ ಕೊಡಲ್ವಾ? ಬೋಣಿ ಹೊತ್ನಲ್ಲಿ ವಾಪಸ್ ಕಳಿಸ್ತೀಯಾ?” ಎನ್ನುತ್ತ ಗೋಡೆಯ ಮೇಲಿನ ಅಪ್ಪನ ಫೋಟೋದ ಕಡೆ ನೋಡಿದ, ಸಾಕ್ಷಿ ಕರೆಯುವವನಂತೆ. ಹುಚ್ಚರಾಯಪ್ಪನವರು ಏನೂ ಹೇಳಲಿಲ್ಲ.

“ವಾಪಸ್ಸೇ,” ಎಂದಳು ನೀಲಾಂಬಿಕ. ಹತ್ತಿರ ಬಂದು ತನ್ನ ಮೂರು ಬೆರಳು ಜೋಡಿಸಿ ಅವನ ಮುಖದ ಮುಂದೆ ಹಿಡಿದಳು. “ಬಾಯಿ ತೆಗೀರಿ. ಇದು ಹಿಡಿಸಿದ್ರೆ ಇಡೀ ಸರ ನಿಮ್ಗೇ ಕೊಡ್ತೀನಿ.”

ಅವನು ತೆಗೆಯಲಿಲ್ಲ. ತೆಗೆದರೆ ಏನಾಗುತ್ತದೆಂದು ಅವನಿಗೆ ಅವಳಿಗಿಂತ ಮೊದಲೇ ಗೊತ್ತಿತ್ತು, ಅದು ಅವನ ಕಣ್ಣಲ್ಲಿ ಕಂಡಿತು. “ಬಜ್ಜಿ ತಿನ್ನೋಕಾಗ್ತಿಲ್ಲ ನೀಲಾ,” ಎಂದ, ಚಿಕ್ಕ ದನಿಯಲ್ಲಿ, ಗಲ್ಲಾಕ್ಕೂ ಕೇಳಿಸದಂತೆ.

“ಗೊತ್ತು ರೀ. ಶಿವಮೊಗ್ಗಕ್ಕೆ ಹೋಗಣ. ಡಾಕ್ಟ್ರಿಗೆ ತೋರ್ಸಣ. ತಿನ್ನೀರಂತೆ.”

ಸರದ ಹತ್ತಿರವೇ ನಿಂತಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಅವನು ತಿರುಗಿ ಮನೆಯೊಳಗೆ ನಡೆದ. ಹುಚ್ಚರಾಯಪ್ಪನವರ ಅಂಗಡಿಯಿಂದ ಮೊಟ್ಟಮೊದಲ ಸಲ ಬೋಣಿ ಗಿರಾಕಿ ಬರಿಗೈಯಲ್ಲಿ ವಾಪಸ್ ಹೋಗಿದ್ದ. ನೀಲಾಂಬಿಕ ಸ್ಟೂಲು ಹತ್ತಿ ಸರಗಳನ್ನೆಲ್ಲ ಬಿಚ್ಚಿ ಇಳಿಸಿದಳು. ಇಳಿಸಿದ ಮೇಲೆ ಎದುರಿನ ಹೈಸ್ಕೂಲಿನ ಗೇಟು ಗಲ್ಲಾದಿಂದಲೇ ಪೂರ್ತಿ ಕಾಣುತ್ತಿತ್ತು. ಬೆಲ್ಲಿನ ಹೊತ್ತಾಗಿ ಮಕ್ಕಳು ಬರತೊಡಗಿದರು, ಪೆನ್ನು, ರಬ್ಬರು, ಕಡ್ಲೆಮಿಠಾಯಿ ಎಂದು ಮುಗಿಬಿದ್ದರು. ಆ ದಿನ ವ್ಯಾಪಾರ ಚೆನ್ನಾಗಿಯೇ ಆಯಿತು.